ಒಂಬತ್ತನೇ ಕಾಲಂ

ಲಾಂಡ್ರಿಯ ದೂರಿನ ಫಾರಂನಲ್ಲಿ ಹತ್ತು ಕಾಲಂಗಳಿದ್ದವು. ಮೊದಲ ಎಂಟರಲ್ಲಿ ಹೆಸರು, ವಯಸ್ಸು, ವಿಭಾಗ, ಪಾಳಿ, ಏನಾಯಿತು, ಯಾವಾಗ ಆಯಿತು, ಯಾರು ನೋಡಿದರು, ಏನು ಬೇಕು ಎಂಬುದೆಲ್ಲ ಇತ್ತು. ಹತ್ತನೆಯದು ಸಹಿಗೆ. ನಡುವಿನ ಒಂಬತ್ತನೆಯದು ಮಾತ್ರ ಎರಡು ಬೆರಳಗಲದ ಪುಟ್ಟ ಚೌಕ: ದೂರು ಕೊಟ್ಟವರ ಮನಸ್ಥಿತಿ, ಒಂದೇ ಪದದಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ತುಂಬದಿದ್ದರೆ ಕಂಪ್ಯೂಟರು ಮೊಂಡು ಎತ್ತಿನ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು.

ಸೂರು ಸೋರುತ್ತಿದೆ ಎಂದವನ ಮನಸ್ಥಿತಿ ಕಟ್ಟಿಕೊಂಡು ಏನಾಗಬೇಕು, ಸೂರು ನೋಡಿದರೆ ಸಾಲದೇ ಎಂದು ಆ ಫಾರಂ ಮಾಡಿದ ಪುಣ್ಯಾತ್ಮನನ್ನು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದಿಂದ ಆ ಚೌಕ ತುಂಬುತ್ತಿದ್ದ ಇಂಗ್ಲಿಷಮ್ಮನೂ ಕೇಳಲಿಲ್ಲ.

ಇಂಗ್ಲಿಷಮ್ಮ ಎಂಬುದು ಕೆಳಗೆ ಬಟ್ಟೆ ಮಡಿಸುವ ಹೆಂಗಸರು ಇಟ್ಟ ಹೆಸರು. ಅರ್ಧ ಗೌರವ, ಅರ್ಧ ಗೇಲಿ. ವಯಸ್ಸು ನಲವತ್ತೆಂಟು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಇಂಗ್ಲಿಷ್ ಬಂದದ್ದು ಕೊಳೆಬಟ್ಟೆಯಿಂದ. ಹೋಟೆಲುಗಳ ಹಾಸುಹೊದಿಕೆಯ ಜೊತೆ ಅಲ್ಲಿ ತಂಗಿದವರು ಮರೆತುಬಿಟ್ಟ ಸಾಮಾನೂ ಸುರುಳಿ ಸುತ್ತಿಕೊಂಡು ಬರುತ್ತಿತ್ತು: ಕಾಲುಚೀಲ, ಕನ್ನಡಕ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಆಗಾಗ ಪುಸ್ತಕ. ಒಂದು ತಿಂಗಳು ಕಪಾಟಿನಲ್ಲಿಟ್ಟು ಯಾರೂ ಕೇಳದಿದ್ದರೆ ಬೇಕಾದವರು ಒಯ್ಯಬಹುದು ಎಂಬುದು ಲಾಂಡ್ರಿಯ ರೂಢಿ. ಕಾಲುಚೀಲಕ್ಕೆ ಜಗಳವೇ ಆಗುತ್ತಿತ್ತು. ಪುಸ್ತಕಕ್ಕೆ ಪೈಪೋಟಿ ಇರಲಿಲ್ಲ. ನೆನೆದು ಉಬ್ಬಿ, ಒಣಗಿ ಸೆಟೆದುಕೊಂಡ ಆ ಪುಸ್ತಕಗಳನ್ನು ಅವಳು ಮನೆಗೊಯ್ದು, ಅಂಟಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಓದಿದಳು. ಹೊಸ ಪದ ಸಿಕ್ಕರೆ ನೋಟುಬುಕ್ಕಿನಲ್ಲಿ ಬರೆದು, ಅದು ಬಂದ ವಾಕ್ಯವನ್ನೂ ಕೆಳಗೆ ಇಳಿಸಿಕೊಳ್ಳುತ್ತಿದ್ದಳು. ಹುಡುಗನನ್ನು ಒಪ್ಪುವ ಮುಂಚೆ ಮನೆತನ ವಿಚಾರಿಸುವುದಿಲ್ಲವೇ, ಹಾಗೆ. ಹದಿನೇಳು ನೋಟುಬುಕ್ಕು ತುಂಬಿದ್ದವು.

ಒಂದೇ ಒಂದು ಪದದ ಮನೆತನ ಅವಳು ವಿಚಾರಿಸಿರಲಿಲ್ಲ. ಅದು ಒಂಬತ್ತನೇ ಕಾಲಮ್ಮಿನ ಪದ. ಮೇಲಿನ ಆಫೀಸಿಗೆ ಬಂದ ಹೊಸತರಲ್ಲಿ, ಆ ಚೌಕಕ್ಕೆ ಏನು ಹಾಕಲಿ ಎಂದು ಜೇಬಿನ ನಿಘಂಟಿನಲ್ಲಿ ಅಸಮಾಧಾನಕ್ಕೆ ಹುಡುಕಿದಳು. ಕೋಪ ಎಂದು ಬರೆದರೆ ನಮ್ಮವರನ್ನು ಜಗಳಗಂಟರು ಅಂದುಕೊಂಡಾರು. ಬೇಸರ ಎಂದರೆ ಮಕ್ಕಳ ಮಾತು. ಕೊನೆಗೆ ಒಂದು ಉದ್ದನೆಯ ಪದ ಸಿಕ್ಕಿತು: ಡಿಸ್‌ಗ್ರಂಟಲ್ಡ್. ಅಸಮಾಧಾನಗೊಂಡ ಎಂದು ಅರ್ಥ ಕೊಟ್ಟಿತ್ತು. ಬಾಯಿ ತುಂಬುವ ಪದ. ದೂರದ ಮುಖ್ಯ ಕಚೇರಿಯ ದೊಡ್ಡವರ ಮುಂದೆ ನಮ್ಮವರನ್ನು ಇಸ್ತ್ರಿ ಬಟ್ಟೆ ತೊಡಿಸಿ ನಿಲ್ಲಿಸಿದ ಹಾಗಿರುತ್ತದೆ ಎಂದುಕೊಂಡಳು. ಅವತ್ತಿನಿಂದ ಯಾರು ದೂರು ಕೊಟ್ಟರೂ ಅದೇ ಪದ. ದೂರು ಕೊಟ್ಟವರಿಗೆ ಅದನ್ನು ಓದಿ ಹೇಳುವ ಪದ್ಧತಿ ಇರಲಿಲ್ಲ. ಕನ್ನಡದಲ್ಲಿ ಬರೆದುಕೊಟ್ಟು ಸಹಿ ಹಾಕಿದರೆ ಅವರ ಕೆಲಸ ಮುಗಿಯಿತು. ಇಂಗ್ಲಿಷ್ ಆದದ್ದು ಮೇಲೆಯೇ ಆಗಿ ಮೇಲಕ್ಕೇ ಹೋಗುತ್ತಿತ್ತು.

ಮನೆಯಲ್ಲಿ ಅವಳೂ ಅತ್ತಿಗೆಯೂ ಇಬ್ಬರೇ. ಅಣ್ಣ ತೀರಿಕೊಂಡು ಹದಿನಾಲ್ಕು ವರ್ಷ. ಅತ್ತಿಗೆ ತವರಿಗೆ ಹೋಗಲಿಲ್ಲ, ನಾದಿನಿ ಮದುವೆಯಾಗಲಿಲ್ಲ. ಇಬ್ಬರೂ ಒಟ್ಟಿಗೆ ಈ ಲಾಂಡ್ರಿಗೆ ಸೇರಿದರು. ನಾದಿನಿ ಟೈಪಿಂಗ್ ಪರೀಕ್ಷೆಗೆ ಕೂತ ವರ್ಷ ಅತ್ತಿಗೆ ಮನೆಗೆಲಸವನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡಳು. "ನೀನು ಓದೇ. ಪಾತ್ರೆ ನಾನು ತೊಳ್ಕೋತೀನಿ. ಆದ್ರೆ ಮುಂದೆ ಯಾವತ್ತಾದ್ರೂ ನನ್ನ ಇಂಗ್ಲಿಷಲ್ಲಿ ಬೈದೆ ಅಂದ್ರೆ, ಸೌಟು ತಗೊಂಡು ಬರ್ತೀನಿ ನೋಡು," ಎಂದಿದ್ದಳು. ಆ ಮಾತು ನೆನಪಾದಾಗಲೆಲ್ಲ ಇಬ್ಬರೂ ನಗುತ್ತಿದ್ದರು.

ಅತ್ತಿಗೆಯ ಕೆಲಸ ಕೆಳಗೆ, ಬಟ್ಟೆ ವಿಂಗಡಿಸುವ ಮೇಜಿನಲ್ಲಿ. ಮೊದಲು ಹೋಟೆಲಿನ ಬಟ್ಟೆಗೆ ಒಂದು ಮೇಜು, ಆಸ್ಪತ್ರೆಯ ಬಟ್ಟೆಗೆ ಇನ್ನೊಂದು ಇತ್ತು. ಆಸ್ಪತ್ರೆ ಮೇಜಿನವರಿಗೆ ಮೊಣಕೈವರೆಗಿನ ದಪ್ಪ ಗ್ಲೌಸು. ದಪ್ಪ ಗ್ಲೌಸಿನಲ್ಲಿ ಬೆರಳು ಆಡುವುದಿಲ್ಲ, ಗಂಟೆಗೆ ಇಷ್ಟು ಚೀಲ ಖಾಲಿಯಾಗುವುದಿಲ್ಲ ಎಂದು ಆರು ತಿಂಗಳ ಹಿಂದೆ ಎರಡೂ ಮೇಜು ಒಂದು ಮಾಡಿ, ಎಲ್ಲರಿಗೂ ತೆಳು ಗ್ಲೌಸು ಹಂಚಿದರು. ಆಸ್ಪತ್ರೆಯ ಹೊದಿಕೆಯ ಮಡಿಕೆಯಲ್ಲಿ ಸೂಜಿ ಇರಬಾರದು. ಆದರೆ ಇರುತ್ತದೆ. ಅವಸರದಲ್ಲಿ ನರ್ಸು ಬಿಟ್ಟದ್ದು, ರೋಗಿಯ ಕೈಯಿಂದ ಕಳಚಿಕೊಂಡದ್ದು. ಗಂಟೆಗೆ ಎಷ್ಟು ಚೀಲ ಎಂದು ಕಾಗದದ ಮೇಲೆ ಬರೆದವರ ಕೈ ಆ ಚೀಲದೊಳಗೆ ಹೋಗುವುದಿಲ್ಲ.

"ಮೂರನೇ ಸಲ ಕಣೇ," ಎಂದಳು ಅತ್ತಿಗೆ, ಸಂಜೆ ಮನೆಗೆ ಬಂದು ಹೆಬ್ಬೆರಳ ಬುಡದ ಪಟ್ಟಿ ತೋರಿಸುತ್ತ. "ಮೊದಲನೇ ಸಲ ಗ್ರಹಚಾರ ಅಂದೆ. ಎರಡನೇ ಸಲ ನನ್ನದೇ ತಪ್ಪು ಅಂದೆ. ಮೂರನೇ ಸಲವೂ ಬಾಯಿ ಮುಚ್ಕೊಂಡಿದ್ರೆ ನಾನೇನು ಸೂಜಿ ಸಿಗಿಸೋ ದಿಂಬಾ?"

"ಡಾಕ್ಟರು ಏನಂದ್ರು?"

"ಈಗ ರಕ್ತ ತಗೊಂಡಿದ್ದಾರೆ. ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಬಾ ಅಂದ್ರು. ಅಲ್ಲೀವರೆಗೆ ದಿನಾ ಬೆಳಗೆದ್ದು ಈ ಬೆರಳಿನ ಮುಖ ನೋಡ್ಕೊಂಡಿರಬೇಕು."

"ಬರ್ಕೊಡಿ ಅತ್ತಿಗೆ. ನಾನು ಚೆನ್ನಾಗಿ ಇಂಗ್ಲಿಷ್ ಮಾಡಿ ಕಳಿಸ್ತೀನಿ."

"ಚೆನ್ನಾಗಿ ಬೇಡಮ್ಮ. ಇದ್ದದ್ದು ಇದ್ದ ಹಾಗೆ ಮಾಡು ಸಾಕು. ನೀನು ಚೆನ್ನಾಗಿ ಮಾಡಕ್ಕೆ ಹೊರಟ್ರೇ ನನಗೆ ಭಯ."

ಮಾರನೇ ದಿನ ಅತ್ತಿಗೆ ದೂರು ಬರೆದುಕೊಟ್ಟಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮೂರೂ ತಾರೀಖು, ಮೂರೂ ಚೀಲದ ನಂಬರು, ಪಕ್ಕದಲ್ಲಿದ್ದವರು ಯಾರು. ಏನು ಬೇಕು ಎಂಬಲ್ಲಿ: ಮೇಜು ಬೇರೆ ಮಾಡಿ, ದಪ್ಪ ಗ್ಲೌಸು ಕೊಡಿ. ಇಂಗ್ಲಿಷಮ್ಮ ಪ್ರತಿ ವಾಕ್ಯವನ್ನೂ ನಿಯತ್ತಾಗಿ ಇಂಗ್ಲಿಷಿಗೆ ಇಳಿಸಿದಳು. ಒಂಬತ್ತನೇ ಕಾಲಂ ಬಂತು. ಬೆರಳಿಗೆ ರೂಢಿಯಾಗಿತ್ತು, ಕಣ್ಣು ಗಡಿಯಾರದ ಮೇಲಿರುವಾಗಲೇ ಬೆರಳು ಆ ಪದವನ್ನು ಹೊಡೆದು ಮುಗಿಸಿತು.

ಹದಿನೈದು ದಿನಕ್ಕೆ ಮುಖ್ಯ ಕಚೇರಿಯಿಂದ ಉತ್ತರ ಬಂತು. ದೂರು ಕೊಟ್ಟವಳು ನಮ್ಮದೇ ದಾಖಲೆಯ ಪ್ರಕಾರ ಡಿಸ್‌ಗ್ರಂಟಲ್ಡ್ ನೌಕರಳಾಗಿರುವುದರಿಂದ, ದೂರಿಗಿಂತ ಮೊದಲು ಅವಳ ನಡತೆಯ ವಿಚಾರಣೆಯಾಗತಕ್ಕದ್ದು. ಬರುವ ಸೋಮವಾರ ಅಧಿಕಾರಿ ಬರುತ್ತಾರೆ. ಸಮಾಧಾನಕರ ಉತ್ತರ ಸಿಗದಿದ್ದರೆ ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ಜ್ವರ ಬಂದ ಎತ್ತಿಗೇ, ಜ್ವರ ಬಂತು ಅಂದದ್ದಕ್ಕೇ ಬರೆ.

ಅವಳು ಕಾಗದ ಹಿಡಿದುಕೊಂಡು ಮ್ಯಾನೇಜರ್ ಕೋಣೆಗೆ ಹೋದಳು. ಮ್ಯಾನೇಜರು ಕೆಟ್ಟವನಲ್ಲ. ಮೇಲಿನವರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ ಎನ್ನುವವನು.

"ಸರ್, ಸೂಜಿ ಚುಚ್ಚಿದ್ದಕ್ಕೆ ನಡತೆ ವಿಚಾರಣೆ ಯಾಕೆ?"

"ಅಯ್ಯೋ ಮೇಡಂ, ನಿಮಗೆ ಗೊತ್ತಿಲ್ವಾ?" ಅವನು ನಕ್ಕ. "ಆ ಒಂಬತ್ತನೇ ಕಾಲಮ್ಮಲ್ಲಿ ನಿಮ್ಮ ಪದ ಬಂತು ಅಂದ್ರೆ ಫಾರಂ ತಾನಾಗಿ ಬೇರೆ ಫೈಲಿಗೆ ಹೋಗುತ್ತೆ. ನಡತೆ ಫೈಲು. ನನಗಂತೂ ಅರ್ಧ ಕೆಲಸ ಕಡಿಮೆ. ನೀವು ಬೇಕಂತಲೇ ಹಾಕ್ತೀರಿ, ಮ್ಯಾನೇಜ್‌ಮೆಂಟ್ ಕಡೆಯವರು ಅಂದ್ಕೊಂಡಿದ್ದೆ."

ತನ್ನ ಮೇಜಿಗೆ ಬಂದು ಕೂತಳು. ಹನ್ನೊಂದು ವರ್ಷ ತಡವಾಗಿ ಆ ಪದದ ಮನೆತನ ವಿಚಾರಿಸಿದಳು.

ಇಂಗ್ಲಿಷಿನವರು ಒಂದು ಪದವನ್ನು ಎಲ್ಲೆಲ್ಲಿ ಹೇಗೆ ಬಳಸಿದ್ದಾರೆಂದು ವಾಕ್ಯಗಳ ಸಾಲನ್ನೇ ತೋರಿಸುವ ಪುಟಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಹುಡುಕಿದಳು. ಪರದೆಯ ತುಂಬ ಸಾಲುಗಳು ಬಂದು ನಿಂತವು, ಪ್ರತಿ ಸಾಲಿನ ನಡುವೆ ಅವಳ ಪದ. ಡಿಸ್‌ಗ್ರಂಟಲ್ಡ್ ನೌಕರನೊಬ್ಬ ಗೋದಾಮಿಗೆ ಬೆಂಕಿ ಇಟ್ಟ. ಡಿಸ್‌ಗ್ರಂಟಲ್ಡ್ ಮಾಜಿ ಗುಮಾಸ್ತ ಕಡತ ಹೊರಗೆ ಸಾಗಿಸಿದ. ಇವು ಕೆಲವೇ ಡಿಸ್‌ಗ್ರಂಟಲ್ಡ್ ಸಿಬ್ಬಂದಿಯ ಆರೋಪಗಳು, ಹುರುಳಿಲ್ಲ ಎಂದು ಸಂಸ್ಥೆ ಹೇಳಿತು. ಡಿಸ್‌ಗ್ರಂಟಲ್ಡ್ ಗಿರಾಕಿ ಕೂಗಾಡಿದ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಕೆಳಗಿಳಿದಳು. ಬೆಂಕಿ ಇಟ್ಟವನಿಗೆ ಅಸಮಾಧಾನ ಯಾಕಾಯಿತು ಎಂದು ಒಂದು ಸಾಲೂ ಹೇಳಲಿಲ್ಲ. ಆ ಪದ ಕಾಲಿಟ್ಟಲ್ಲೆಲ್ಲ ಕಾರಣ ಹೇಳಹೆಸರಿಲ್ಲದೆ ಕಾಣೆಯಾಗಿತ್ತು. ಇನ್ನೊಂದು ಕಂಡಿತು: ನಾನು ಡಿಸ್‌ಗ್ರಂಟಲ್ಡ್ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡವರು ಆ ಪುಟದಲ್ಲಿ ಒಬ್ಬರೂ ಇರಲಿಲ್ಲ. ಅದು ಯಾವಾಗಲೂ ಇನ್ನೊಬ್ಬರು ಇವರ ಬೆನ್ನಿಗೆ ಅಂಟಿಸುವ ಚೀಟಿ. ಅಂಟಿಸಿದ ಮೇಲೆ ಅವರ ಮಾತು ಕೇಳುವ ಅಗತ್ಯವಿಲ್ಲ.

ಕಪಾಟಿನ ಹಳೆಯ ಫಾರಂಗಳನ್ನು ತೆಗೆದಳು. ನಲವತ್ಮೂರು. ಸೋರುವ ಸೂರು, ಕಾದ ರೋಲರಿನಲ್ಲಿ ಸುಟ್ಟ ಅಂಗೈ, ಬ್ಲೀಚಿನ ಘಾಟು, ಬಸುರಿಗೆ ಕೂರಲು ಸ್ಟೂಲು. ನಲವತ್ಮೂರರಲ್ಲೂ ಅದೇ ಪದ. ಐದು ಫಾರಂಗಳ ಮೇಲೆ ಕೆಂಪು ಶಾಯಿಯಲ್ಲಿ ಬಿಡುಗಡೆ ಎಂದು ಬರೆದಿತ್ತು.

ಸಂಜೆ ಬಸ್ಸು ಬಿಟ್ಟು ನಡೆದೇ ಹೊರಟಳು. ಬೀದಿ ತಿರುವಿನಲ್ಲಿ ಸೈಕಲ್ ರಿಪೇರಿ ಮಾಡುತ್ತ ಕೂತವನು ಲಾಂಡ್ರಿಯ ಹಳೇ ಬಾಯ್ಲರಿನವನು. ಮೂರು ವರ್ಷದ ಹಿಂದೆ, ಬಾಯ್ಲರಿನ ವಾಲ್ವು ಸರಿಯಿಲ್ಲ, ಹಬೆ ಸೋರುತ್ತಿದೆ ಎಂದು ದೂರು ಕೊಟ್ಟಿದ್ದ. ಒಂದು ತಿಂಗಳಲ್ಲಿ ಮನೆಗೆ ಹೋಗಿದ್ದ. ಅವನ ಫಾರಂ ಆ ಐದರಲ್ಲಿ ಒಂದು.

ಅವಳು ದಾಟಿ ಹೋಗಬೇಕೆನ್ನುವಷ್ಟರಲ್ಲಿ ಅವನೇ ಕರೆದ. "ನಮಸ್ಕಾರ ಮೇಡಂ! ಏನು, ನಮ್ಮ ಕಡೆ ನೋಡದೇ ಹೋಗ್ತೀರಲ್ಲ. ಸೈಕಲ್ ಇಲ್ದಿದ್ರೆ ಮಾತಾಡಬಾರದು ಅಂತ ಬೋರ್ಡೇನು ಹಾಕಿಲ್ಲ."

"ಹಾಗಲ್ಲ... ಅವಸರ ಇತ್ತು. ಚೆನ್ನಾಗಿದ್ದೀರಾ?"

"ಗಾಳಿ ತುಂಬ್ಕೊಂಡು ಜೀವನ ನಡೀತಿದೆ." ಅವನು ಕೈ ಒರೆಸಿಕೊಂಡ. "ನೀವು ಅವತ್ತು ನನ್ನ ಅರ್ಜಿ ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾಡಿದ್ರಿ ಅಂತ ಮ್ಯಾನೇಜರ್ರೇ ಹೊಗಳಿದ್ರು. ನಿಮ್ಮ ಕಡೆಯಿಂದ ಏನೂ ಕಮ್ಮಿ ಆಗ್ಲಿಲ್ಲ ಬಿಡಿ. ನನ್ನ ಹಣೆಬರಹ."

ಅವಳು ಏನೋ ಹೇಳಲು ಬಾಯಿ ತೆರೆದಳು. ಹೊರಟದ್ದು, "ಬರ್ತೀನಿ," ಎಂಬ ಮಾತು ಮಾತ್ರ. ಹಣೆಬರಹ ಬರೆದವರು ಮೇಲಿರುತ್ತಾರೆ ಎನ್ನುವುದು ನಿಜ. ಲಾಂಡ್ರಿಯ ಮೊದಲನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ.

ಮನೆಯಲ್ಲಿ ಅತ್ತಿಗೆ ಕಾಯುತ್ತಿದ್ದಳು. "ಉತ್ತರ ಬಂತಂತೆ? ಏನಂತೆ?"

"ಸೋಮವಾರ ಅಧಿಕಾರಿ ಬರ್ತಾರೆ. ವಿಚಾರಣೆ."

"ಒಳ್ಳೇದಾಯ್ತು. ಬರ್ಲಿ, ಚೀಲ ಬಿಚ್ಚಿ ತೋರಿಸ್ತೀನಿ. ಮತ್ತೆ ನನ್ನ ಬಗ್ಗೆ ಏನಾದ್ರೂ ಬರೆದಿದ್ದಾರಾ?"

"ನಿಮಗೆ... ಬೇಜಾರಾಗಿದೆ ಅಂತ ಬರೆದಿದ್ದಾರೆ."

"ಬೇಜಾರಾ?" ಅತ್ತಿಗೆ ನಕ್ಕುಬಿಟ್ಟಳು. "ಬೇಜಾರಾಗಕ್ಕೆ ಪುರುಸೊತ್ತೆಲ್ಲಿದೆಯೇ? ಸೂಜಿ ಚುಚ್ಚಿದೆ ನನಗೆ."

ನಾದಿನಿ ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು. ಹೇಳಬೇಕಾದ್ದನ್ನು ಹೇಳದೆ ನಾಲ್ಕು ದಿನ ಕಳೆದಳು. ಯಾಕೆ ಹೇಳಲಿಲ್ಲ? ಭಯ, ಅಷ್ಟೇ. ಅತ್ತಿಗೆಯ ಕೆಲಸ ಹೋಗುತ್ತದೆಂಬ ಭಯವನ್ನು ಸೌಟಿನ ಭಯ ಮೀರಿಸಿತು. ಮನುಷ್ಯರು ದೊಡ್ಡ ಅನ್ಯಾಯಗಳನ್ನು ಇಷ್ಟು ಸಣ್ಣ ಭಯಗಳಿಗಾಗಿಯೇ ಮಾಡುವುದು.

ಸೋಮವಾರ ಬಂದ ಅಧಿಕಾರಿ ನಲವತ್ತರ ಹೆಂಗಸು. ಚುರುಕು ಕಣ್ಣು, ಇಂಗ್ಲಿಷ್ ಬಿಟ್ಟರೆ ಇಲ್ಲಿಯ ಭಾಷೆ ಬಾರದು. ಕೆಳಗಿನ ಊಟದ ಕೋಣೆಯಲ್ಲಿ ಮೇಜಿನ ಆ ಕಡೆ ಅವಳು, ಅವಳ ಪಕ್ಕ ಮ್ಯಾನೇಜರು. ಈ ಕಡೆ ಅತ್ತಿಗೆ. ಎರಡು ಕಡೆಯ ಮಾತನ್ನೂ ದಾಟಿಸಲು ನಡುವೆ ಇಂಗ್ಲಿಷಮ್ಮ. ಆ ಕಡೆ ಕೂತ ಮ್ಯಾನೇಜರನ್ನು ಬಿಟ್ಟರೆ ಇಡೀ ಲಾಂಡ್ರಿಯಲ್ಲಿ ಆ ಕೆಲಸಕ್ಕೆ ಇನ್ನೊಬ್ಬರಿರಲಿಲ್ಲ.

ಅಧಿಕಾರಿ ಫಾರಂ ಮೇಲೆ ಪೆನ್ನು ತಟ್ಟಿ ಇಂಗ್ಲಿಷಿನಲ್ಲಿ ಕೇಳಿದಳು: ನೀವು ಡಿಸ್‌ಗ್ರಂಟಲ್ಡ್ ಎಂದು ಇಲ್ಲಿದೆ. ಎಷ್ಟು ದಿನದಿಂದ?

ಬೇಜಾರು ಎಂದು ದಾಟಿಸಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅತ್ತಿಗೆಯ ಹೆಬ್ಬೆರಳಿನ ಪಟ್ಟಿ ಕಂಡಿತು. ಚುಚ್ಚಿ ಮೂರು ವಾರವಾಗುತ್ತ ಬಂದರೂ ಅವಳು ಬಿಚ್ಚಿರಲಿಲ್ಲ, ಅಂಚು ಕೊಳೆಯಾಗಿ ಸುರುಳಿ ಎದ್ದಿತ್ತು.

"ಅತ್ತಿಗೆ," ಎಂದಳು ಇಂಗ್ಲಿಷಮ್ಮ, "ಅವರು ಕೇಳ್ತಿರೋದು ಇಷ್ಟು. ನೀವು ಯಾವಾಗಲೂ ಮುಖ ಊದಿಸ್ಕೊಂಡೇ ಇರೋರು, ಒಳಗೊಳಗೇ ಹಗೆ ಸಾಧಿಸೋರು, ನಿಮ್ಮ ಮಾತನ್ನ ನಂಬಬೇಕಾಗಿಲ್ಲ ಅಂತ ಈ ಕಾಗದದಲ್ಲಿ ಬರೆದಿದೆ. ಎಷ್ಟು ದಿನದಿಂದ ಹೀಗಿದ್ದೀರಿ ಅಂತ ಕೇಳ್ತಿದ್ದಾರೆ."

"ಹಾಗಂತ ಬರೆದ ಮಹಾರಾಯ ಯಾರು?" ಎಂದಳು ಅತ್ತಿಗೆ.

"ನಾನು."

"ನೀನಾ?"

"ನಾನೇ ಅತ್ತಿಗೆ. ಒಳ್ಳೇ ಪದ ಅಂದ್ಕೊಂಡಿದ್ದೆ. ವಿಚಾರಿಸಲಿಲ್ಲ. ಹನ್ನೊಂದು ವರ್ಷದಿಂದ ಎಲ್ಲರ ಮೇಲೂ ಅದನ್ನೇ ಬರೆದಿದ್ದೀನಿ."

ಅತ್ತಿಗೆ ಸೌಟಿನ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿರುತ್ತಿತ್ತು. ಬರೀ ಇಷ್ಟು ಕೇಳಿದಳು: "ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವೇನೇ? ಒಂದೇ ಮನೇಲಿದ್ವಲ್ಲ."

ಅಧಿಕಾರಿ ತಾಳ್ಮೆಗೆಟ್ಟು ಏನು ಮಾತಾಡುತ್ತಿದ್ದೀರಿ ಎಂದಳು. ಇಂಗ್ಲಿಷಮ್ಮ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ದಾಟಿಸಿದಳು, ಅತ್ತಿಗೆಯ ಕೊನೆಯ ಪ್ರಶ್ನೆಯನ್ನೂ. ಮ್ಯಾನೇಜರು ಚಾವಣಿ ನೋಡಿದ. ಅಧಿಕಾರಿ ಫಾರಂ ಮಡಚಿದಳು. ದಾಖಲೆಯೇ ತಪ್ಪಾದರೆ ಈ ವಿಚಾರಣೆಗೆ ಆಧಾರವಿಲ್ಲ, ಇದು ರದ್ದು; ಇವತ್ತೇ ಹೊಸ ಫಾರಂ ತುಂಬಿ; ಅನುವಾದಕಿ ವಿವರಣೆ ಕೊಡಬೇಕು ಎಂದಳು. ಇಂಗ್ಲಿಷಮ್ಮನಿಗೆ ಕೊಡುವ ಮೆಮೊವನ್ನು ಟೈಪು ಮಾಡಲು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ಅವಳೇ ಟೈಪು ಮಾಡಿ, ತಾನೇ ತನಗೆ ಕೊಟ್ಟುಕೊಂಡು, ತಲುಪಿದೆ ಎಂದು ಸಹಿ ಹಾಕಿದಳು.

ಮಧ್ಯಾಹ್ನ ಅತ್ತಿಗೆ ಮಹಡಿ ಹತ್ತಿ ಬಂದಳು. ಹದಿನಾಲ್ಕು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕುರ್ಚಿ ಎಳೆದು ಕಂಪ್ಯೂಟರಿನ ಎದುರಿಗೇ ಕೂತಳು.

"ಓದು. ಒಂದೊಂದೇ ಸಾಲು."

ಇಂಗ್ಲಿಷಮ್ಮ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿ ಓದಿದಳು. ಅತ್ತಿಗೆ ಎರಡು ಕಡೆ ತಡೆದು ತಿದ್ದಿಸಿದಳು. ಒಂಬತ್ತನೇ ಕಾಲಂ ಬಂತು. ಕಂಪ್ಯೂಟರು ನಿಂತಿತು.

"ಇಲ್ಲಿ ಮನಸ್ಥಿತಿ ಬರೀಬೇಕು ಅತ್ತಿಗೆ. ಒಂದೇ ಪದ. ಏನು ಬರೀಲಿ?"

"ಮನಸ್ಥಿತಿ ನನ್ನ ಹತ್ರ ಇರ್ಲಿ. ಸೂಜಿ ಚುಚ್ಚಿದೆ ಅಂತ ಬರಿ."

ಗಾಯಗೊಂಡಿದ್ದಾಳೆ ಎಂಬ ಅರ್ಥದ ಚಿಕ್ಕದೊಂದು ಇಂಗ್ಲಿಷ್ ಪದ ಆ ಚೌಕದಲ್ಲಿ ಕೂತಿತು. ಕಂಪ್ಯೂಟರು ಅದನ್ನೂ ತಕರಾರಿಲ್ಲದೆ ನುಂಗಿ ಮುಂದಕ್ಕೆ ಹೋಯಿತು.

ಮೂರು ವಾರಕ್ಕೆ ಮೇಜು ಮತ್ತೆ ಎರಡಾಯಿತು. ಆಸ್ಪತ್ರೆ ಮೇಜಿನ ಆರು ಹೆಂಗಸರಿಗೆ ಎರಡು ಜೊತೆ ದಪ್ಪ ಗ್ಲೌಸು ಬಂತು. ಸರದಿ ಮೇಲೆ ಹಾಕಿಕೊಳ್ಳಬೇಕಂತೆ. ಇಂಥ ಬುದ್ಧಿ ಎಲ್ಲಿಂದ ಬರುತ್ತದೋ. ಅತ್ತಿಗೆಯ ಕೆಲಸ ಉಳಿಯಿತು. ಎರಡನೇ ರಕ್ತಪರೀಕ್ಷೆ ಇನ್ನೂ ಬಾಕಿ ಇತ್ತು. ಆ ಮೂರು ವಾರ ಅತ್ತಿಗೆ ಮನೆಯಲ್ಲಿ ಊಟಕ್ಕೆ ಬಾ ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಚಹಾ ಲೋಟ ಮುಂದಿಟ್ಟು, ನಿಂತೇ ಕೇಳಿದಳು:

"ಆ ಬಾಯ್ಲರಿನವನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಯಾವಾಗ? ಅವನ ಮೊಮ್ಮಗನಿಗಾ?"

"ಹೇಗೆ ಹೇಳಲಿ ಅತ್ತಿಗೆ..."

"ಬಾಯಲ್ಲಿ ಹೇಳು. ಎದ್ದೇಳು, ನಾನೂ ಬರ್ತೀನಿ. ಮಾತು ನಿಂದು. ನಾನು ಬರೀ ಪಕ್ಕದಲ್ಲಿ ನಿಂತಿರ್ತೀನಿ."

ಬಾಯ್ಲರಿನವನು ಒಂದು ಸೈಕಲ್ ತಲೆಕೆಳಗು ಮಾಡಿ ಚಕ್ರದ ಓರೆ ತೆಗೆಯುತ್ತಿದ್ದ. ಇಂಗ್ಲಿಷಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಪದ ಹೇಳಿದಳು, ಅರ್ಥ ಹೇಳಿದಳು, ಆ ಪದಕ್ಕೇ ನಿಮ್ಮ ಕೆಲಸ ಹೋಯಿತು ಎಂದಳು, ಅದನ್ನು ಬರೆದದ್ದು ನಾನು ಎಂದಳು. ಅವನು ತಲೆ ಎತ್ತಲಿಲ್ಲ. ಚಕ್ರ ತಿರುಗಿಸಿದ, ಕಣ್ಣಳತೆ ನೋಡಿದ, ಒಂದು ಕಡ್ಡಿ ಬಿಗಿ ಮಾಡಿದ. ಬೈದರೆ ಸಾಕಪ್ಪಾ ಎಂದು ಅವಳು ಕಾದಳು.

ಚಕ್ರ ತಾನಾಗಿ ನಿಂತ ಮೇಲೆ ಅವನು ಕೇಳಿದ: "ಅದಿರ್ಲಿ. ಆ ವಾಲ್ವು ಬದಲಾಯಿಸಿದ್ರಾ?"

ಅವಳು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಇವಳ ಮುಖ ನೋಡಿದಳು. ಬಾಯ್ಲರಿನ ಕೋಣೆ ವಿಂಗಡಿಸುವ ಮೇಜಿನಿಂದ ಗೋಡೆಯಾಚೆಗೇ. ಇಂಗ್ಲಿಷಮ್ಮ ಅವನ ಅರ್ಜಿಯಲ್ಲಿ ವಾಲ್ವಿಗೆ, ಹಬೆಗೆ, ಒತ್ತಡಕ್ಕೆ ಸರಿಯಾದ ಇಂಗ್ಲಿಷ್ ಹುಡುಕಿ ಹುಡುಕಿ ಹಾಕಿದ್ದಳು. ಆ ಕೋಣೆಯ ಬಾಗಿಲು ತೆರೆದು ನೋಡಿರಲಿಲ್ಲ.

"ಗೊತ್ತಿಲ್ಲ," ಎಂದಳು.

"ಮೊದಲು ಅದನ್ನ ನೋಡಿ," ಎಂದು ಅವನು ಮತ್ತೆ ಚಕ್ರಕ್ಕೆ ಕೈ ಹಾಕಿದ. "ನಿಮ್ಮ ಅತ್ತಿಗೆ ಅದರ ಪಕ್ಕದಲ್ಲೇ ಕೆಲಸ ಮಾಡೋದು."